ಬಂದುಹೋದವರ ಬರಹ ಹಿಡಿದು ಹಂಪಿ ತೋರಿಸುವುದು: ನನ್ನ ಅನುಭವ

ಹಂಪಿಗೆ ಬರುವ ಪ್ರತಿಯೊಬ್ಬರೂ ಒಂದು ಮಾತನ್ನು ಮೊದಲೇ ಕೇಳಿಕೊಂಡು ಬಂದಿರುತ್ತಾರೆ: ಇಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು. ಯಾರು ಕಂಡದ್ದು, ಯಾವ ವರ್ಷ ಎಂದು ಕೇಳಿದರೆ ಉತ್ತರವಿಲ್ಲ. 1443ರಲ್ಲಿ ಬಂದ ಅಬ್ದುಲ್ ರಜಾಕ್ ಬರೆದದ್ದು ಇಷ್ಟು: ರತ್ನದ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಾರೆ. ಇದೇ ಸಾಕಷ್ಟು ದೊಡ್ಡ ಸಂಗತಿ. ಇದಕ್ಕೆ ಬಳ್ಳ ಸೇರಿಸುವ ಅಗತ್ಯವಿಲ್ಲ. ಪರದೇಶದಿಂದ ಬಂದವರ ಮಾತನ್ನು ಅವರು ಬರೆದಷ್ಟೇ ಅಳತೆಯಲ್ಲಿ, ಅದು ಒಪ್ಪುವ ಜಾಗದಲ್ಲಿ ನಿಂತು ಓದಿದರೆ ಈ ಊರಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಅದನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಚೀಟಿ. ಮೇಲೆ ಹೆಸರು, ಬಂದ ವರ್ಷ, ಆಗ ಆಳುತ್ತಿದ್ದ ರಾಜ. ಕೆಳಗೆ ಮೂರು ಪ್ರಶ್ನೆ: ಯಾವ ಕೆಲಸಕ್ಕೆ ಬಂದ, ಎಲ್ಲಿಯವರೆಗೆ ಒಳಗೆ ಬಿಟ್ಟರು, ತಾನೇ ಬರೆದನೋ ಬೇರೆಯವರು ಬರೆದುಕೊಂಡರೋ. ಈ ಮೂರನೆಯದನ್ನು ಬಿಡಬಾರದು. ಸುಮಾರು 1420ರಲ್ಲಿ ಬಂದ ವೆನಿಸ್ ಕಡೆಯ ನಿಕೊಲೊ ಕಾಂಟಿ ತಾನು ಬರೆಯಲಿಲ್ಲ. ಊರಿಗೆ ಮರಳಿದ ಮೇಲೆ ಅವನು ಹೇಳಿದ್ದನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಬರೆದುಕೊಂಡ. ರಜಾಕ್ ಈಗಿನ ಅಫ್ಘಾನಿಸ್ತಾನದ ಹೆರಾತಿನ ಶಾರುಖ್ ದೊರೆಯ ರಾಯಭಾರಿ. ಇಮ್ಮಡಿ ದೇವರಾಯನ ಎದುರು ಕೂತವನು. ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದವನು. ನೂನಿಜ್ ಕುದುರೆ ವ್ಯಾಪಾರಿ, 1535ರ ಆಸುಪಾಸು, ಅಚ್ಯುತರಾಯನ ಕಾಲ. ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬಂದದ್ದು 1567ರಲ್ಲಿ, ವಿಜಯನಗರ ತಾಳಿಕೋಟೆ ಯುದ್ಧ ಸೋತು ಎರಡು ವರ್ಷವಾದ ಮೇಲೆ.

ಎರಡನೆಯ ಕೆಲಸ ಅಳತೆ. ಊರಿನ ಸುತ್ತಳತೆ 60 ಮೈಲಿ ಎನ್ನುತ್ತಾನೆ ಕಾಂಟಿ, 24 ಮೈಲಿ ಎನ್ನುತ್ತಾನೆ ಫ್ರೆಡರಿಕ್. ಉತ್ತರದ ಬಾಗಿಲಿನಿಂದ ದಕ್ಷಿಣದ ಬಾಗಿಲಿಗೆ 2 ಫರ್ಸಂಗ್ ಎನ್ನುತ್ತಾನೆ ರಜಾಕ್. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವರಿಗೆ ಎಲ್ಲರೂ ಸುಳ್ಳುಗಾರರಂತೆ ಕಾಣುತ್ತಾರೆ. ಲೆಕ್ಕ ಹಾಕಿ ನೋಡಿ. ಇಟಲಿಯ ಹಳೆಯ ಮೈಲಿ ಸುಮಾರು ಒಂದೂವರೆ ಕಿಲೋಮೀಟರ್. ಫ್ರೆಡರಿಕ್ಕನ 24 ಮೈಲಿ ಎಂದರೆ 36 ಕಿ.ಮೀ. ಸುತ್ತು. ಅದು ದುಂಡಗಿದ್ದರೆ ಅಡ್ಡಗಲ ಹನ್ನೊಂದೂವರೆ ಕಿ.ಮೀ. ಫರ್ಸಂಗ್ ಐದೂವರೆಯಿಂದ ಆರು ಕಿ.ಮೀ., ಹಾಗಾಗಿ ರಜಾಕನ ಎರಡು ಫರ್ಸಂಗ್ ಹನ್ನೊಂದರಿಂದ ಹನ್ನೆರಡು. ನೂರಿಪ್ಪತ್ತು ವರ್ಷದ ಅಂತರದಲ್ಲಿ ಬಂದ ಇಬ್ಬರ ಲೆಕ್ಕ ಹೀಗೆ ಕೂಡಿಬರುವುದನ್ನು ನೋಡಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಂಟಿಯ 60 ಮಾತ್ರ ಇವಕ್ಕೆ ಹೊಂದುವುದಿಲ್ಲ. ಅದು ಕೇಳಿ ಬರೆದುಕೊಂಡ ಬರಹ ಎಂಬುದನ್ನು ಚೀಟಿ ಆಗಲೇ ಹೇಳಿದೆ.

ದುಡ್ಡಿನ ಮಾತಿನಲ್ಲಿ ಕನ್ನಡದವರೇ ಹೆಚ್ಚು ಎಡವುತ್ತಾರೆ. ರಾಜನನ್ನು ಕಂಡಾಗಲೆಲ್ಲ ರಜಾಕನಿಗೆ ಎರಡು ಕಟ್ಟು ವೀಳ್ಯ, 500 ಹಣದ ಚೀಲ, 20 ಮಿಸ್ಕಲ್ (ಪರ್ಷಿಯನ್ನರ ಒಂದು ಸಣ್ಣ ತೂಕ) ಕರ್ಪೂರ ಸಿಗುತ್ತಿತ್ತು. ನಮಗೀಗ ಹಣ ಎಂದರೆ ದುಡ್ಡು. ಆಗ ಅದು ಒಂದು ನಾಣ್ಯದ ಹೆಸರು. ಅವನೇ ಕೊಟ್ಟ ಲೆಕ್ಕದಂತೆ ಒಂದು ವರಹಕ್ಕೆ ಎರಡು ಪ್ರತಾಪ, ಒಂದು ಪ್ರತಾಪಕ್ಕೆ ಹತ್ತು ಹಣ. ಅಂದರೆ 500 ಹಣಕ್ಕೆ 25 ವರಹ. ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಬೇಡಿ.

ಅನುವಾದದಲ್ಲಿ ಅಡಗಿರುವ ತಪ್ಪು ಇನ್ನೊಂದು. ಪಾಯೆಸ್ ಕಂಡ ಪೈರುಗಳಲ್ಲಿ ಇಂಗ್ಲಿಷ್ ಅನುವಾದ ‘ಇಂಡಿಯನ್ ಕಾರ್ನ್’ ಎನ್ನುತ್ತದೆ. ಅದನ್ನೇ ಕನ್ನಡಕ್ಕೆ ತಂದವರು ಮುಸುಕಿನ ಜೋಳ ಮಾಡಿಬಿಡುತ್ತಾರೆ. ಅವನು ಕಂಡದ್ದು ನಮ್ಮ ರೊಟ್ಟಿಯ ಜೋಳ. ಹೆಸರುಗಳೂ ಹಾಗೆಯೇ: ಬಿಸ್ನಗ ಎಂದರೆ ವಿಜಯನಗರ, ನಗುಂಡಿಂ ಎಂದರೆ ಆನೆಗೊಂದಿ, ನರಸಿಂಗ ಎಂದರೆ ಇಡೀ ರಾಜ್ಯ. ಗಟ್ಟಿಯಾಗಿ ಓದಿದರೆ ಅರ್ಧ ಹೆಸರು ಕಿವಿಗೇ ಗೊತ್ತಾಗುತ್ತವೆ.

ತಾರೀಖನ್ನು ಪಂಚಾಂಗದ ಜೊತೆ ಇಟ್ಟು ನೋಡಬೇಕು. ಮಹಾನವಮಿ ಸೆಪ್ಟೆಂಬರ್ 12ಕ್ಕೆ ಶುರುವಾಯಿತು, ಹೊಸ ವರ್ಷದ ಹಬ್ಬ ಅಕ್ಟೋಬರ್ 12ಕ್ಕೆ ಎಂದು ಪಾಯೆಸ್ ಬರೆಯುತ್ತಾನೆ, ಇಸವಿ ಹೇಳುವುದಿಲ್ಲ. ಆಶ್ವಯುಜ ಶುದ್ಧ ಪಾಡ್ಯ, ಕಾರ್ತಿಕ ಶುದ್ಧ ಪಾಡ್ಯ ಎರಡೂ ಈ ತಾರೀಖುಗಳಿಗೆ ಕೂಡುವುದು 1520ರಲ್ಲಿ. ಪಾಯೆಸ್ ಬಂದ ವರ್ಷ ಗೊತ್ತಾದದ್ದು ಹೀಗೆ. ಅದು ಹಳೆಯ ಜೂಲಿಯನ್ ತಾರೀಖು, ಇಂದಿನ ಲೆಕ್ಕಕ್ಕೆ ಹತ್ತು ದಿನ ಕೂಡಿಸಿಕೊಳ್ಳಬೇಕು.

ಇನ್ನು ನಡಿಗೆ. ಕಾಲಕ್ರಮದಲ್ಲಿ ತೋರಿಸಲು ಹೊರಟರೆ ಬಿಸಿಲಿನಲ್ಲಿ ಹಿಂದೆ ಮುಂದೆ ಅಲೆಯಬೇಕಾಗುತ್ತದೆ. ಜಾಗದ ಕ್ರಮವೇ ಸರಿ. ಹದಿನೈದು ಜನಕ್ಕಿಂತ ಹೆಚ್ಚು ಬೇಡ, ಒಂದು ಕಡೆ ನಾಲ್ಕು ಸಾಲಿಗಿಂತ ಹೆಚ್ಚು ಓದಬೇಡಿ, ಒಬ್ಬೊಬ್ಬರ ಹತ್ತಿರ ಎರಡು ಲೀಟರ್ ನೀರು ಇರಲಿ. ಬೆಳಗ್ಗೆ ಆರೂವರೆಗೆ ಕಮಲಾಪುರದ ಕಡೆಯಿಂದ ಒಳಗೆ ಬಂದರೆ ಮೊದಲ ನಿಲುಗಡೆ ಮಹಾನವಮಿ ದಿಬ್ಬ.

ಇಲ್ಲಿ ಅವಸರ ಮಾಡಬಾರದು. ಪಾಯೆಸ್ ಇದನ್ನು ‘ವಿಜಯದ ಮನೆ’ ಎನ್ನುತ್ತಾನೆ, ರಾಜ ಒರಿಸ್ಸಾ ಯುದ್ಧ ಗೆದ್ದು ಬಂದಾಗ ಕಟ್ಟಿಸಿದ್ದು ಎನ್ನುತ್ತಾನೆ. ಆ ಮಾತು ಓದಿ ಮುಗಿಸಿ ಜನರನ್ನು ದಿಬ್ಬದ ಸುತ್ತ ಕರೆದೊಯ್ಯಿರಿ. ಪಕ್ಕಗಳಲ್ಲಿ ಬೂದುಬಣ್ಣದ ಕಣಶಿಲೆಯ (ಗ್ರಾನೈಟ್) ಮೇಲೆ ತೆಳುವಾಗಿ ಕೆತ್ತಿದ ಕುದುರೆ, ಬೇಟೆ, ಕುಣಿತ. ಪಡುವಣ ಮುಖಕ್ಕೆ ಬಂದಾಗ ಹಸಿರು ಛಾಯೆಯ ಮೆದುಕಲ್ಲಿನ ಹೊದಿಕೆ, ಕೆತ್ತನೆ ಆಳ, ಅಂಚು ಚೂಪು. ಕೈ ಸವರದೆ ಕಣ್ಣಿನಿಂದಲೇ ವ್ಯತ್ಯಾಸ ಕಾಣುತ್ತದೆ. ಕಣಶಿಲೆಯದು ಹಳೆಯ ಕೆಲಸ, ಹಸಿರು ಕಲ್ಲು ನಂತರದ್ದು. ಆದ್ದರಿಂದ ಪಾಯೆಸನ ಮಾತು ನಂಬಿ ಇಡೀ ದಿಬ್ಬವನ್ನು ಕೃಷ್ಣದೇವರಾಯನ ಲೆಕ್ಕಕ್ಕೆ ಬರೆಯಬಾರದು. ಅವನು ವರ್ಣಿಸಿದ ಮಖಮಲ್ಲು ಹೊದಿಸಿದ ಮಂಟಪಗಳು ಎಲ್ಲಿ ಎಂದು ಜನ ಕೇಳೇ ಕೇಳುತ್ತಾರೆ. ಮೇಲೆ ಹತ್ತಿ, ಕಂಬ ನಿಲ್ಲಿಸಿದ ಗುರುತುಗಳನ್ನು ತೋರಿಸಿ. ಮೇಲ್ಗಟ್ಟಡ ಮರದ್ದು, ಉಳಿದದ್ದು ಕಲ್ಲಿನ ಪೀಠ ಮಾತ್ರ.

ಕೆಳಗಿಳಿದರೆ ಕಲ್ಲಿನ ನೀರುಗಾಲುವೆ. ಅರಮನೆಯ ಬಳಿ ನಯವಾಗಿ ಕಡೆದ ಕಲ್ಲುದೋಣಿಗಳಲ್ಲಿ ನೀರು ಹರಿಯುತ್ತದೆ ಎಂಬ ರಜಾಕನ ಸಾಲು ಓದಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇದೇ ಕಾಲುವೆ ಎನ್ನಬೇಡಿ, ಇಂಥ ಕಾಲುವೆ ಎನ್ನಿ. ಪಕ್ಕದ ಮೆಟ್ಟಿಲು ಪುಷ್ಕರಣಿ ಮಣ್ಣಿನಿಂದ ಹೊರಬಂದದ್ದು 1980ರ ದಶಕದಲ್ಲಿ. ಅದರ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕಲ್ಲುಕುಟಿಗರು ಹಾಕಿದ ಗುರುತುಗಳಿವೆ. ಬೆಳಗಿನ ಓರೆಬೆಳಕಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ.

ಆನೆಲಾಯದಲ್ಲಿ ಹೆಚ್ಚಿನವರು ರಜಾಕನ ಮಾತನ್ನು ಹೇಳುತ್ತಾರೆ, ಅದು ತಪ್ಪು. ಒಂದೊಂದು ಆನೆಗೆ ಒಂದೊಂದು ಕೋಣೆ, ಗಟ್ಟಿ ಗೋಡೆ, ಮೇಲೆ ಮರದ ಮಾಡು ಎಂದು ಅವನು ಬರೆದ. ಈಗ ಎದುರಿಗಿರುವ ಹನ್ನೊಂದು ಕೋಣೆಗಳ ಮೇಲಿರುವುದು ಗುಮ್ಮಟ. ಎರಡೂ ಒಂದೇ ಕಟ್ಟಡವಲ್ಲ.

ಕಲ್ಲಿನ ರಥದ ಹತ್ತಿರ ಬರಹಕ್ಕಿಂತ ಚಿತ್ರ ಕೆಲಸ ಮಾಡುತ್ತದೆ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೊದ ಪ್ರತಿಯನ್ನು ಎ-4 ಅಳತೆಗೆ ತೆಗೆಸಿ ಲ್ಯಾಮಿನೇಟ್ ಮಾಡಿಸಿಕೊಳ್ಳಿ. ಆಗ ರಥದ ಮೇಲೆ ಇಟ್ಟಿಗೆಯ ಶಿಖರವಿತ್ತು. ಒಂದು ಕೈಯಲ್ಲಿ ಆ ಫೋಟೊ, ಇನ್ನೊಂದರಲ್ಲಿ ಈ ರಥದ ಚಿತ್ರವಿರುವ ಐವತ್ತು ರೂಪಾಯಿಯ ನೋಟು. ಏನು ಹೋಯಿತೆಂದು ಮಕ್ಕಳೇ ಮೊದಲು ಹೇಳುತ್ತಾರೆ.

ಹಂಪಿ ಬಜಾರಿನ ಖಾಲಿ ಮಂಟಪಗಳ ಎದುರು ಫ್ರೆಡರಿಕ್. ಏಳು ತಿಂಗಳು ಇಲ್ಲಿದ್ದವನು, ಮನೆಗಳು ಇನ್ನೂ ನಿಂತಿವೆ, ಒಳಗೆ ಯಾರಿಲ್ಲ, ಹುಲಿಗಳು ಸೇರಿಕೊಂಡಿವೆಯಂತೆ ಎಂದ. ಯುದ್ಧವಾದ ಕೂಡಲೇ ಒಂದು ಕಲ್ಲೂ ಉಳಿಯಲಿಲ್ಲ ಎಂಬ ಮಾತಿಗೆ ಇವನೇ ಉತ್ತರ.

ಕೊನೆಗೆ ಸಂಜೆ ನಾಲ್ಕೂವರೆಗೆ ಮಾತಂಗ ಬೆಟ್ಟ. ಪಾಯೆಸ್ ಯಾವುದೋ ಬೆಟ್ಟ ಹತ್ತಿ ಊರು ನೋಡಿದ. ಗುಡ್ಡಗಳು ಅಡ್ಡವಿದ್ದು ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್‌ನಷ್ಟು ದೊಡ್ಡದು ಎಂದ. ಬೆಟ್ಟದ ಹೆಸರು ಹೇಳಲಿಲ್ಲ, ಆದ್ದರಿಂದ ನೀವೂ ಹೇಳಬೇಡಿ. ತುದಿಯಲ್ಲಿ ನಿಂತು ಅವನ ಸಾಲು ಓದಿ, ಸುಮ್ಮನೆ ಐದು ನಿಮಿಷ ಬಿಡಿ. ಬಾಳೆತೋಟ, ಹೊಳೆ, ಬಂಡೆಸಾಲು ನೋಡುತ್ತ ಪೂರ್ತಿ ಕಾಣುವುದಿಲ್ಲ ಎಂಬ ಮಾತು ಎಲ್ಲರಿಗೂ ತಿಳಿಯುತ್ತದೆ. ಬೆಳಕು ಇರುವಾಗಲೇ ಇಳಿಸಿಬಿಡಿ. ಮೆಟ್ಟಿಲು ಕೆಲವು ಕಡೆ ಬಂಡೆಯ ಅಂಚಿನಲ್ಲೇ ಇವೆ, ಒಬ್ಬೊಬ್ಬರೇ ಇಳಿಯಬೇಕು.