ಮೂರನೇ ಸಲಕ್ಕೆ ಪಾಸಾದ ನೆಲದ ಲಿಕ್ವಿಡ್

ನಾನು ಮಾಡಿದ ನೆಲ ಒರೆಸುವ ಲಿಕ್ವಿಡ್ಡಿನ ಸೇಫ್ಟಿ ಸರ್ಟಿಫಿಕೇಟ್ ಕೈಗೆ ಬಂದು ಹದಿನೈದು ದಿನವಾಯಿತು. "ಕ್ಷಾರವೇ ಇಲ್ಲದ ಲಿಕ್ವಿಡ್ಡಿಗೆ ಜಿಡ್ಡು ಬಿಡುತ್ತಾ?" ಎಂದು ನಕ್ಕವರೇ ಈಗ ಫಾರ್ಮುಲಾ ಕೇಳುತ್ತಿದ್ದಾರೆ. ಪೂರ್ತಿ ಹೇಳುವುದಿಲ್ಲ. ದುಡ್ಡು ಎಲ್ಲಿ ಸುಟ್ಟುಕೊಂಡೆ ಅನ್ನುವುದನ್ನು ಮಾತ್ರ ಮುಚ್ಚಿಡುವುದಿಲ್ಲ.

ಮೊದಲ ಸ್ಯಾಂಪಲ್ಲಿಗೆ ಮೆಟಾಸಿಲಿಕೇಟ್ ಎಂಬ ಪ್ರಬಲ ಕ್ಷಾರ ಸುರಿದಿದ್ದೆ. ಜಿಡ್ಡು ನೋಡನೋಡುತ್ತಲೇ ಬಿಡುತ್ತಿತ್ತು, ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ನಡುಮಧ್ಯ, ಮೇಲೆ ಕ್ಷಾರ, ಕೆಳಗೆ ಆಮ್ಲ) ಸುಮಾರು 11.8. ಜಿಎಚ್‌ಎಸ್ ಎಂಬ, ರಾಸಾಯನಿಕಗಳ ಅಪಾಯ ವಿಂಗಡಿಸುವ ಜಾಗತಿಕ ಪದ್ಧತಿಯ ಲೆಕ್ಕದಲ್ಲಿ ಪಿಎಚ್ 11.5 ಮುಟ್ಟಿದರೆ, ಬೇರೆ ಪುರಾವೆ ಕೊಡದ ಹೊರತು, ಅದು ಚರ್ಮ ಸುಡುವ ಮಾಲು. ಲೇಬಲ್ಲಿನ ಮೇಲೆ ಕೈ ಕೊರೆಯುವ ಚಿತ್ರ, ಬಹಳ ಕಡೆ ಮಕ್ಕಳು ತೆರೆಯಲಾಗದ ಮುಚ್ಚಳ ಬೇರೆ. ಆ ಮುಚ್ಚಳದ ಐಎಸ್‌ಒ 8317 ಪರೀಕ್ಷೆ ಗೊತ್ತಲ್ಲ: 42ರಿಂದ 51 ತಿಂಗಳ ಮಕ್ಕಳ ಕೈಗೆ ಬಾಟಲಿ ಕೊಟ್ಟರೆ, ಮೊದಲ ಐದು ನಿಮಿಷ ನೂರಕ್ಕೆ 85 ಮಕ್ಕಳಿಗಾದರೂ ತೆರೆಯಲು ಬರಬಾರದು. ಕೊಟೇಶನ್ ತರಿಸಿದೆ. ಒಳಗಿನ ಮಾಲಿಗಿಂತ ಮುಚ್ಚಳವೇ ದುಬಾರಿ! ಪಿಎಚ್ ಇಳಿಸುವುದೇ ಅಗ್ಗ ಅನ್ನಿಸಿತು.

ಡೆಸೈಲ್ ಗ್ಲೂಕೋಸೈಡ್ ಎಂಬ ಮೃದುವಾದ ನೊರೆ ದ್ರವಕ್ಕೆ ಬದಲಾಯಿಸಿದೆ. ಅದು ಡ್ರಮ್ಮಿನಲ್ಲಿ ಕೆಡದಿರುವುದು ತನ್ನದೇ 12ರ ಆಸುಪಾಸಿನ ಪಿಎಚ್‌ನಿಂದ. ಸಿಟ್ರಿಕ್ ಆಮ್ಲ ಹಾಕಿ 7ಕ್ಕೆ ಇಳಿಸಿದ ನಾನು ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಹಾಕಲಿಲ್ಲ, ಶುದ್ಧ ಉಡಾಫೆ. ನಲವತ್ತನೇ ದಿನದ ಹೊತ್ತಿಗೆ ಮುಚ್ಚಳ ತಿರುಗಿಸಿದರೆ ಬಾಟಲಿ ಬಾಯಿಯ ತಿರುಪಿನ ಸುತ್ತ ಕಪ್ಪು ಉಂಗುರ, ಹೂದಾನಿಯಲ್ಲಿ ವಾರ ಬಿಟ್ಟ ನೀರಿನ ವಾಸನೆ. ಇಡೀ ಬ್ಯಾಚು ಹೋಯಿತು. ಐಸೋಥಿಯಾಜೋಲಿನೋನ್ ಎಂಬ ಪ್ರಿಸರ್ವೇಟಿವ್ ಹಾಕು ಎಂದು ಎಲ್ಲರೂ ಅಂದರು. ಅದಕ್ಕೆ ಅಲರ್ಜಿಯ ಎಚ್ಚರಿಕೆ ಬರೆಯುತ್ತ ಕೂರುವುದು ನನಗೆ ಬೇಡವಿತ್ತು. ಆಮ್ಲದಲ್ಲಷ್ಟೇ ಕೆಲಸ ಮಾಡುವ ಸೋಡಿಯಂ ಬೆಂಜೋಯೇಟ್ ಹಿಡಿದು, ಪಿಎಚ್ ಐದರ ಕೆಳಕ್ಕೆ ತಂದೆ. ಅದರ ಜೊತೆ ಹಾಕಿದ ಇನ್ನೊಂದು ಚಿಟಿಕೆ ನನ್ನ ಹತ್ತಿರವೇ ಇರಲಿ.

ಎರಡನೇ ಸಲ ಕೆಟ್ಟದ್ದು ಮಾಲಲ್ಲ, ಕಾಗದ. ಸುರಕ್ಷತಾ ಹಾಳೆಯ 16 ವಿಭಾಗಗಳಲ್ಲಿ ಮೂರನೆಯದು, ಒಳಗೆ ಏನೇನಿದೆ ಅನ್ನುವುದು. ಸುವಾಸನೆ ಕೊಟ್ಟವರು "ಪರ್ಫ್ಯೂಮ್" ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಅದರಲ್ಲಿ ಲಿಮೊನೀನ್, ಲಿನಲೂಲ್ ಎಂಬ ಸುವಾಸನೆಯ ಅಂಶಗಳು ಎಷ್ಟೆಷ್ಟು ಎಂದು ಕೇಳಿ ಕೇಳಿ ಎರಡು ತಿಂಗಳು ಕಳೆಯಿತು. ಕೊನೆಗೆ ಪೂರ್ತಿ ವಿವರ ಕೊಡುವವರಿಂದ ಒಂದೂವರೆ ಪಟ್ಟು ಬೆಲೆಗೆ ಕೊಂಡು, ಮೊದಲಿನ ಮೂರನೇ ಒಂದು ಪಾಲು ಮಾತ್ರ ಹಾಕಿದೆ. ಲೆಕ್ಕ ಹಾಕಿದರೆ ಖರ್ಚಿನ ಹತ್ತು ಪಾಲಿನಲ್ಲಿ ಆರು ಮರುಪರೀಕ್ಷೆಗೇ ಹೋಗಿದೆ.

ನಡುವೆ ಲಿಕ್ವಿಡ್ಡನ್ನು ಗಟ್ಟಿ ಮಾಡುವ ಹುಚ್ಚು. ಗ್ಲೂಕೋಸೈಡ್ ಉಪ್ಪಿಗೆ ಜಗ್ಗುವುದಿಲ್ಲ, ಗಟ್ಟಿಯಾಗುವುದಿಲ್ಲ. ಗಟ್ಟಿ ಮಾಡುವ ಗೋಂದಿನ ಪುಡಿ ಜಾಂಥನ್ ಉದುರಿಸಿದರೆ ಕಪ್ಪೆ ಮೊಟ್ಟೆಯಂತೆ ಗಂಟು. ನಾಲ್ಕು ಭಾನುವಾರ ಹಾಳಾದ ಮೇಲೆ ಗಂಟಿಲ್ಲದೆ ಬಂತು. ಪುಡಿಯನ್ನು ಮೊದಲು ಯಾವುದರಲ್ಲಿ ಕಲಸಿದೆ ಎಂದು ಕೇಳಬೇಡಿ.

ಜಿಡ್ಡಿನ ವಿಷಯ: ಮೆಟಾಸಿಲಿಕೇಟಿನ ಚುರುಕು ಇದಕ್ಕಿಲ್ಲ, ಸುರಿದು ಎರಡು ನಿಮಿಷ ಬಿಟ್ಟು ಒರೆಸಬೇಕು. ಈಗ ಮಾಲು ಆಮ್ಲ, ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆ ಸಾಲು ದಪ್ಪಕ್ಷರದಲ್ಲಿದೆ. ಅದರ ಕೆಳಗೆ "ಅಮೃತಶಿಲೆಗೆ ಬಳಸಬೇಡಿ" ಎಂಬುದನ್ನು ಯಾರೂ ಕೇಳದಿದ್ದರೂ ನಾನೇ ಸೇರಿಸಿದೆ. ಒಂದು ರಾತ್ರಿ ನಮ್ಮ ಮನೆಯ ಕಲ್ಲಿನ ಮೇಲೆ ಎರಡು ಹನಿ ಬಿಟ್ಟು ನೋಡಿದ್ದೆ. ನಾಣ್ಯದಗಲ ಮಂಕಾದ ಆ ಜಾಗದ ಮೇಲೆ ಈಗ ಕುಂಡ ಇಟ್ಟಿದ್ದೇನೆ.