ಈಜುವ ಮಕ್ಕಳ ಹಲ್ಲು ಜುಮ್ಮೆನ್ನುವುದು ಹೀಗೆ ನಿಂತಿತು

ನಾನು ನೋಡಿಕೊಳ್ಳುವ ಪೂಲ್‌ನಲ್ಲಿ ದಿನವೂ ತರಬೇತಿಗೆ ಬರುವ ಮಕ್ಕಳಿಗೆ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕ್ಲೋರಿನ್ ಜಾಸ್ತಿಯಾಗಿದೆ, ಕಮ್ಮಿ ಮಾಡಿ ಅಂದರು ಎಲ್ಲರೂ. ನೀರು ಹುಳಿಯಾಗಿದೆ ಅಂತ ನಾನು ಹೇಳಿದರೆ ಕೋಚ್‌ಗಳೂ ನಂಬಲಿಲ್ಲ. ನೀರಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಬಣ್ಣದಿಂದ ತೋರಿಸುವ ಫೀನಾಲ್ ರೆಡ್ ಕಿಟ್ 6.8 ತೋರಿಸುತ್ತಿತ್ತಲ್ಲ! ಆದರೆ ಆ ಕಿಟ್‌ನ ಬಣ್ಣ ಮುಗಿಯುವುದೇ ಅಲ್ಲಿಗೆ. ಪಿಎಚ್ 6 ಇದ್ದರೂ ಹಳದಿ, 4 ಇದ್ದರೂ ಹಳದಿ. ಡಿಜಿಟಲ್ ಮೀಟರ್ ತಂದು ಅದ್ದಿದೆ. 5ರ ಆಸುಪಾಸು. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ, ಎನಾಮೆಲ್, ಕರಗತೊಡಗುತ್ತದೆ. 1980ರ ದಶಕದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಈಜುಗಾರರ ಹಲ್ಲು ಸವೆಸಿದ ಪೂಲ್‌ನ ಪಿಎಚ್ 2.7 ಇತ್ತು.

ನಮ್ಮಲ್ಲಿ ತೊಂದರೆ ಕೊಟ್ಟಿದ್ದು ಟ್ರೈಕ್ಲೋರ್ ಅನ್ನುವ ಕ್ಲೋರಿನ್ ಮಾತ್ರೆ. ಹಾಕುವುದು ಸುಲಭ, ಆದರೆ ಆಸಿಡ್ ಗುಣದ್ದು. ದಿನಾ ಹಾಕಿ ಹಾಕಿ ಆಲ್ಕಲಿನಿಟಿ, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ, ತಳ ಕಂಡಿತ್ತು. ಮೊದಲು ಪಿಎಚ್ ಏರಿಸುವ ಸೋಡಾ ಆಶ್ ಸುರಿದೆವು. ನೀರು ಹಾಲಿನಂತೆ ಬೆಳ್ಳಗಾಯಿತು, ಪಿಎಚ್ ಏರಿತು, ಮೂರ್ನಾಲ್ಕು ದಿನದಲ್ಲಿ ಮತ್ತೆ ಇಳಿಯಿತು. ಅಷ್ಟರಲ್ಲಿ ಹುಳಿ ನೀರಿಗೆ ಹೀಟರ್ ಕಾಯಿಲ್ ತೂತು ಬಿತ್ತು, ಟೈಲ್ಸ್ ಸಂದಿನ ಗ್ರೌಟ್ ಉದುರಿತು. ವರ್ಷದ ಕೆಮಿಕಲ್ ದುಡ್ಡಿನಲ್ಲಿ ಅರ್ಧದಷ್ಟು ಆ ರಿಪೇರಿಗೇ ಹೋಯಿತು.

ಆಮೇಲೆ ಹಿಡಿದದ್ದು ಅಡುಗೆ ಸೋಡಾ. ಒಂದು ಲಕ್ಷ ಲೀಟರಿಗೆ ಆಲ್ಕಲಿನಿಟಿ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ) ಏರಿಸಲು ಹೆಚ್ಚುಕಡಿಮೆ 1.7 ಕೆಜಿ ಬೇಕು. ನಮ್ಮದು ನಾಲ್ಕು ಲಕ್ಷ ಲೀಟರ್, 100ರವರೆಗೆ ತರಲು ಅರವತ್ತು ಕೆಜಿ ಹತ್ತಿರ ಹಿಡಿಯಿತು. ಕಂತು ಕಂತಾಗಿ ಹಾಕಿದೆ. ಯಾವ ಹೊತ್ತಲ್ಲಿ, ಎಲ್ಲಿ ನಿಂತು ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮಾತ್ರೆ ಬಿಟ್ಟು ಲಿಕ್ವಿಡ್ ಕ್ಲೋರಿನ್‌ಗೆ ಬಂದೆ. ಮಾತ್ರೆಯ ಫೀಡರ್‌ಗೆ ಮಾತ್ರ ಲಿಕ್ವಿಡ್ ಸುರಿಯಬೇಡಿ, ಸಿಡಿಯುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹಳೇ ನೀರಿನಲ್ಲೊಂದು, ಹೊಸ ನೀರಿನಲ್ಲೊಂದು ಮೊಟ್ಟೆ ಚಿಪ್ಪು ಇಟ್ಟು, ನೀರು ಬದಲಿಸುತ್ತಾ ಬಂದೆ. ಹಳೇ ನೀರಿನದು ಬೆರಳಿಗೆ ಪುಡಿಯಾಯಿತು. ಚಿಪ್ಪು ಹಲ್ಲಲ್ಲ, ಸರಿ. ಆದರೆ ಕೋಚ್‌ಗಳು ಬಾಯಿ ಮುಚ್ಚಿದ್ದು ಅದನ್ನು ನೋಡಿದ ಮೇಲೆಯೇ!

ಈಗ ಪಿಎಚ್ 7.4ರಿಂದ 7.6ರ ನಡುವೆ ಕದಲದೆ ನಿಂತಿದೆ. ಕ್ಲೋರಿನ್ 2 ಪಿಪಿಎಂ ಸುಮಾರು, ಅದನ್ನು ಕಮ್ಮಿ ಮಾಡಲೇ ಇಲ್ಲ. ಜುಮ್ಮೆನ್ನುವ ದೂರು ನಿಂತಿದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಅಂಥ ಮಕ್ಕಳನ್ನು ಫ್ಲೋರೈಡ್ ಹಚ್ಚಿಸಲು ಕಳಿಸಿದೆವು.

ವಾರಕ್ಕೆ ಆರು ಗಂಟೆಗಿಂತ ಜಾಸ್ತಿ ಈಜುವವರ ಮುಂದಿನ ಹಲ್ಲಿಗೆ ಕೂರುವ ಕಂದು ಕಲೆ ಬೇರೆ ವಿಷಯ. ನೀರು ಸರಿಯಿದ್ದರೂ ಅದು ಬರುತ್ತದೆ, ಸ್ಕೇಲಿಂಗ್ ಮಾಡಿಸಿದರೆ ಹೋಗುತ್ತದೆ.