ಆಪ್ಟ್‌ನಲ್ಲಿ ಡಿಪೆಂಡೆನ್ಸಿ ಕೆಟ್ಟರೆ ಗಾಬರಿ ಬೇಡ

ಉಬುಂಟು, ಡೆಬಿಯನ್ ಲಿನಕ್ಸ್ ಬಳಸುವವರು ಗಮನಿಸಿ. ಆಪ್ಟ್ ಅಂದರೆ ಇವುಗಳಲ್ಲಿ ಪ್ಯಾಕೇಜ್ (ಸಾಫ್ಟ್‌ವೇರ್) ಹಾಕುವ, ತೆಗೆಯುವ ಸಾಧನ; ಒಂದು ಪ್ಯಾಕೇಜ್ ನಡೆಯಲು ಬೇಕಾದ ಬೇರೆ ಪ್ಯಾಕೇಜ್‌ಗಳೇ ಅದರ ಡಿಪೆಂಡೆನ್ಸಿ. 'ಅನ್‌ಮೆಟ್ ಡಿಪೆಂಡೆನ್ಸೀಸ್' ಅಂತ ಎರರ್ ಬಂದ ಕೂಡಲೇ ಸಿಕ್ಕ ಸಿಕ್ಕ ಪ್ಯಾಕೇಜ್ ಕಿತ್ತುಹಾಕಬೇಡಿ. ಮೊದಲು ಟರ್ಮಿನಲ್‌ನಲ್ಲಿ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ (ಡಿಪಿಕೆಜಿ ಅಂದರೆ ಆಪ್ಟ್ ಒಳಗೊಳಗೇ ಬಳಸುವ ಸಾಧನ). ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋಗಿಯೋ ಟರ್ಮಿನಲ್ ಮುಚ್ಚಿಯೋ ಕೆಲಸ ಅರ್ಧಕ್ಕೆ ನಿಂತಿದ್ದರೆ ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಆಗಲಿಲ್ವಾ? 'ಸುಡೊ ಆಪ್ಟ್ ಅಪ್‌ಡೇಟ್' ಮಾಡಿ, ಆಮೇಲೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'.

ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಏನೇನು ತೆಗೆಯುತ್ತದೆ ಅನ್ನುವ ಪಟ್ಟಿಯನ್ನು ಅದೇ ತೋರಿಸುತ್ತದೆ, ಅದನ್ನು ಪೂರ್ತಿ ಓದದೆ ಸುಮ್ನೆ 'ವೈ' ಒತ್ತಿದರೆ ಬೇಕಾದ ಪ್ಯಾಕೇಜ್‌ಗಳೂ, ಕೆಲವೊಮ್ಮೆ ಇಡೀ ಡೆಸ್ಕ್‌ಟಾಪೇ ಹೋಗಿಬಿಡಬಹುದು.

ಆಗಲೂ ಬಗೆಹರಿಯದಿದ್ದರೆ ನನಗೆ ಜಾಸ್ತಿ ಅನುಮಾನ ಹೊರಗಿನ ಪಿಪಿಎಗಳ (ಅಧಿಕೃತವಲ್ಲದ, ಬೇರೆಯವರು ನಡೆಸುವ ಪ್ಯಾಕೇಜ್ ಭಂಡಾರಗಳ) ಮೇಲೆ, ಅದರಲ್ಲೂ ಉಬುಂಟುವಿನ ಬೇರೆ ಆವೃತ್ತಿಗೆ ಮಾಡಿದವು. 'ಆಪ್ಟ್ ಪಾಲಿಸಿ' ಜೊತೆ ಪ್ಯಾಕೇಜ್ ಹೆಸರು ಕೊಟ್ಟರೆ ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೂಡ ನೋಡಿ, ಯಾವತ್ತೋ ತಡೆಹಿಡಿದ ಪ್ಯಾಕೇಜ್ ಅಡ್ಡ ಬಂದಿರಬಹುದು.

ಇಳಿಸಿಕೊಂಡ ಡೆಬ್ ಫೈಲನ್ನು (ಪ್ಯಾಕೇಜ್ ಇರುವ ಫೈಲ್) 'ಡಿಪಿಕೆಜಿ -ಐ' ಇಂದ ಹಾಕುವ ಬದಲು ಆಪ್ಟ್‌ನಿಂದಲೇ ಹಾಕಿ, ಫೈಲ್ ಹೆಸರಿನ ಮುಂದೆ './' ಇರಲಿ. ಡಿಪಿಕೆಜಿ ಡಿಪೆಂಡೆನ್ಸಿಗಳನ್ನು ತಾನಾಗಿ ತರುವುದಿಲ್ಲ, ಆಪ್ಟ್ ತರುತ್ತದೆ.